ಕೂಸು ಚೆನ್ನಾಗಿದೆ ಅಂದವಳು

ಹೊನ್ನವಳ್ಳಿ ಪಕ್ಕದ ಆ ಹಳ್ಳಿಗೆ ತುಮಕೂರಿನಿಂದ ಜೀಪು ಬಂತು. ಸರ್ಕಾರ ತರಬೇತಿ ಕೊಟ್ಟ ಸೂಲಗಿತ್ತಿ ಸಿದ್ದಕ್ಕನಿಂದ ಬಾಣಂತಿಯರಿಗೂ ಕೂಸುಗಳಿಗೂ ಒಳ್ಳೆಯದಾಗಿದೆಯೇ, ಊರೊಳಗಿನವರನ್ನೂ ಊರಾಚೆಯ ಹಟ್ಟಿಯವರನ್ನೂ ಅವಳು ಒಂದೇ ಸಮನಾಗಿ ನೋಡುತ್ತಾಳೆಯೇ ಎಂದು ತಿಳಿಯಲು ಡಾಕ್ಟರಮ್ಮ ಬಂದಿದ್ದರು. ಉಪಯೋಗವಿಲ್ಲವೆಂದು ಕಂಡರೆ ಸಿದ್ದಕ್ಕನ ಕೆಲಸ ನಿಂತಂತೆಯೇ.

ಶಿವರುದ್ರಮ್ಮನ ಜಗುಲಿಯಲ್ಲಿ ತಾಯಂದಿರು ಕೂತರು. ಕೂಸುಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಿದ್ದರು. ಶಿವರುದ್ರಮ್ಮನ ಸೊಸೆ ಗಿರಿಜೆ ಮಾತ್ರ ಮಗನನ್ನು ಸೆರಗಲ್ಲಿ ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತಿದ್ದಳು.

"ಮಗು ಹೇಗಿದೆಯಮ್ಮ?" ಡಾಕ್ಟರಮ್ಮ ಕೇಳಿದರು.

"ಏನೋ ಐತೆ ಕಣ್ರಮ್ಮ. ಸೊರಗಿ ಕಡ್ಡಿಯಾಗೈತೆ," ಎಂದಳು ಚಿಕ್ಕಗೌರಮ್ಮ. ನಿಜಕ್ಕಾದರೆ ಅವಳ ಮಗಳನ್ನು ಎತ್ತಿಕೊಂಡರೆ ಭಾರಕ್ಕೆ ಸೊಂಟ ಹಿಡಿಯುತ್ತಿತ್ತು.

"ನಮ್ದೂ ಅಷ್ಟೇಯ. ಹಾಲೇ ಕುಡಿಯಾಕಿಲ್ಲ," ಎಂದಳು ಇನ್ನೊಬ್ಬಳು.

ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ಕೂಸಿಗೆ ದೃಷ್ಟಿಯಾದೀತೆಂದು ಎಲ್ಲರಿಗೂ ಭಯ.

"ಒಂದು ಮಗುವೂ ಚೆನ್ನಾಗಿಲ್ಲ ಅಂದರೆ ಸಿದ್ದಕ್ಕ ಮಾಡಿದ್ದೇನು?" ಡಾಕ್ಟರಮ್ಮನ ಮುಖ ಬಾಡಿತು. ಹಟ್ಟಿಯಲ್ಲೂ ಹೆರಿಗೆ ಮಾಡಿಸುವವಳೆಂದು ಯಾರೂ ಜಗುಲಿ ಹತ್ತಿಸದ ಸಿದ್ದಕ್ಕ ಅಂಗಳದಲ್ಲೇ ನಿಂತು ತಲೆತಗ್ಗಿಸಿದಳು. ದೃಷ್ಟಿಯ ಭಯ ಅವಳಿಗೂ ಇತ್ತು.

ಗಿರಿಜೆ ಮಗನನ್ನು ಇನ್ನಷ್ಟು ಅವಚಿಕೊಂಡಳು. ಅವಳ ಚೊಚ್ಚಲ ಕೂಸಿನ ಹೊಕ್ಕುಳಬಳ್ಳಿಯನ್ನು ಯಾರೋ ಹಳೇ ಕುಡುಗೋಲಿನಲ್ಲಿ ಕೊಯ್ದು ಬೂದಿ ಮೆತ್ತಿದ್ದರು. ಕೂಸು ಸೆಟೆದುಕೊಂಡು ಹೋಗಿಬಿಟ್ಟಿತ್ತು. ಈ ಸಲ ಸಿದ್ದಕ್ಕ ಹಟ್ಟಿಯ ಹೆರಿಗೆ ಮುಗಿಸಿ ಓಡಿಬಂದಿದ್ದಳು. ಬ್ಲೇಡು ಕುದಿಸಿದ್ದಳು, ಬೂದಿ ತಂದ ಅತ್ತೆಯನ್ನು ಗದರಿದ್ದಳು, ಅಳದೆ ನೀಲಿಗಟ್ಟಿದ್ದ ಕೂಸಿನ ಬೆನ್ನುಜ್ಜಿ ಅಳಿಸಿದ್ದಳು.

ದೃಷ್ಟಿಗೆ ಗಿರಿಜೆಯಷ್ಟು ಹೆದರುವವರು ಯಾರಿದ್ದರು! ಆದರೂ ಹೊರಗೆ ಬಂದು ಸೆರಗು ಸರಿಸಿದಳು.

"ನನ್ ಮಗ ಚೆನ್ನಾಗವ್ನೆ. ಗುಂಡುಗುಂಡಾಗವ್ನೆ. ಸಿದ್ದಕ್ಕ ಇಲ್ದಿದ್ರೆ ಇವ್ನೂ ಇರ್ತಿರ್ಲಿಲ್ಲ."

"ಅಯ್ಯೋ, ಬಾಯ್ಮುಚ್ಚೇ!" ಎಂದು ಶಿವರುದ್ರಮ್ಮ ಎದ್ದೇಬಿಟ್ಟಳು.

ಅಷ್ಟರಲ್ಲಿ ಡಾಕ್ಟರಮ್ಮ ಕೂಸನ್ನು ಎತ್ತಿಕೊಂಡಿದ್ದರು. ಅದು ಅವರ ಸೀರೆಗೇ ಉಚ್ಚೆ ಹೊಯ್ದಿತು. ಜಗುಲಿ ತುಂಬ ನಗು.

"ತಡೀರಿ, ನಮ್ದೂ ತತ್ತೀನಿ," ಚಿಕ್ಕಗೌರಮ್ಮ ಎದ್ದಳು. "ಚಂದಾಗೈತೆ ಅಂತ ಮಾತ್ರ ಅನ್ಬ್ಯಾಡಿ ಕಣ್ರಮ್ಮ!"

ಕೂಸುಗಳು ಒಂದೊಂದಾಗಿ ಬಂದವು. ಹಟ್ಟಿಗೂ ಹೋಗಿ ನೋಡಿ ಬಂದ ಡಾಕ್ಟರಮ್ಮ, ಸಿದ್ದಕ್ಕನೇ ಮುಂದುವರಿಯಲಿ ಎಂದು ಹೇಳಿ ಜೀಪು ಹತ್ತಿದರು.

ಶಿವರುದ್ರಮ್ಮ ಗೊಣಗುತ್ತಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೊಮ್ಮಗನಿಗೆ ನಿವಾಳಿಸಿದಳು. ಆಮೇಲೆ ಅಂಗಳದ ಕಡೆ ತಿರುಗಿದಳು.

"ಸಿದ್ದಕ್ಕ, ಜಗುಲಿ ಮ್ಯಾಲೆ ಬಂದು ಕೂತ್ಕಳೇ. ಇವತ್ತು ಊರೋರ ಕಣ್ಣೆಲ್ಲ ನಿನ್ ಮ್ಯಾಲೂ ಬಿದ್ದೈತೆ, ನಿಂಗೂ ನಿವಾಳಿಸ್ತೀನಿ."

ಸಿದ್ದಕ್ಕ ಅನುಮಾನಿಸುತ್ತಾ ಮೆಟ್ಟಿಲ ಬಳಿ ನಿಂತಳು. ಗಿರಿಜೆ ಹೋಗಿ ಅವಳ ಕೈಹಿಡಿದು ಮೇಲಕ್ಕೆ ಕರೆತಂದಳು.