ತುಂಬಿಹೋದ ತಗ್ಗು

ಶೇಕ್ಷಾವಲಿ ಸಿಂಧನೂರಿನಲ್ಲಿ ಮೂವತ್ತು ವರ್ಷ ನಾಲೆಗಳ ನಕ್ಷೆ ಟ್ರೇಸ್ ಮಾಡಿ ನಿವೃತ್ತರಾದವರು. ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಶಿವಶರಣಪ್ಪ ತನ್ನ ಪಿಎಚ್.ಡಿ. ಪ್ರಬಂಧದ ಗ್ರಾಫನ್ನು ಇಂಡಿಯನ್ ಇಂಕಿನಲ್ಲಿ ಬರೆದುಕೊಡಲು ಅವರಿಗೇ ಒಪ್ಪಿಸಿದ್ದ. ನಾಳೆ ಗುಲಬರ್ಗಾದಲ್ಲಿ ಪ್ರಬಂಧ ಕೊಡಬೇಕು. ಗಡುವನ್ನು ಎರಡು ಸಲ ಮುಂದೆ ಹಾಕಿಸಿಕೊಂಡಾಗಿತ್ತು. ಇನ್ನೊಮ್ಮೆ ಆಗದು ಎಂದಿದ್ದರು ವಿಶ್ವವಿದ್ಯಾಲಯದವರು.

ಮಸ್ಕಿಯಲ್ಲಿ ಬಸ್ಸಿನ ಗಾಲಿ ಬಿಚ್ಚಿ ಮುಕ್ಕಾಲು ತಾಸು ನಿಂತದ್ದಕ್ಕೇ ಅವನ ತಲೆ ಕಾದಿತ್ತು. ಈಗ ಶೇಕ್ಷಾವಲಿಯವರ ಮನೆಯಲ್ಲಿ ಕೂತು ಸುರುಳಿ ಬಿಚ್ಚಿದರೆ ಗೆರೆ ಎಡದಿಂದ ಬಲಕ್ಕೆ ನುಣ್ಣಗೆ ಇಳಿದು ಹೋಗಿತ್ತು.

“ಇಲ್ಲೊಂದು ತಗ್ಗಿತ್ತಲ್ರಿ ಸಾಬ್ರ. ಎಲ್ಲಿ ಹೋತು?”

“ತುಂಬೀನ್ರಿ,” ಎಂದರು ಶೇಕ್ಷಾವಲಿ. “ಸರ್ವೇದವ್ರು ಒಂದು ಕಡಿ ತಪ್ಪು ಓದೇ ಓದ್ತಾರ. ತಳದಾಗ ತಗ್ಗು ಬಿಟ್ರ ನೀರು ಅಲ್ಲೇ ನಿಂದ್ರತೈತಿ. ಹಿಂಗ ಎಷ್ಟು ಇಂಜಿನಿಯರ್ ಸಾಹೇಬ್ರ ಮರ್ಯಾದಿ ಉಳಿಸೀನಿ.”

“ಇದು ನಾಲಿ ಅಲ್ರಿ.”

“ಇಳಕೊಂತ ಹೋಗೈತಲ್ರಿ ಮತ್ತ.”

ಶಿವಶರಣಪ್ಪ ಚಾಪೆಯ ಮೇಲೆ ಕುಸಿದು, ಹಲ್ಲು ಕಚ್ಚಿಕೊಂಡು ವಿವರಿಸಿದ. ಎರಡು ನಕ್ಷತ್ರಗಳು ತೀರ ಹತ್ತಿರದಲ್ಲಿ ಸುತ್ತುತ್ತವೆ. ಅವುಗಳಲ್ಲಿ ಚಿಕ್ಕದು, ಅತಿ ಸಾಂದ್ರವಾದದ್ದು, ಜೊತೆಗಾರನ ಅನಿಲವನ್ನು ಎಳೆದುಕೊಳ್ಳುತ್ತದೆ. ಬೀಳುವ ಅನಿಲ ಕಾದು ಎಕ್ಸ್-ಕಿರಣ ಹೊಮ್ಮುತ್ತದೆ. ದಾರಿಯಲ್ಲಿರುವ ಅನಿಲ ಅದರಲ್ಲಿ ಒಂದಿಷ್ಟನ್ನು ನುಂಗುತ್ತದೆ; ನುಂಗಿದ ಕಡೆ ಗ್ರಾಫಿನ ಗೆರೆ ಕುಸಿಯುತ್ತದೆ. ಯಾವ ಶಕ್ತಿಯ ಬಳಿ ನುಂಗಿತು ಎಂಬುದರಿಂದ ಮೂಲಧಾತು ಯಾವುದೆಂದು, ಎಷ್ಟು ನುಂಗಿತು ಎಂಬುದರಿಂದ ಅದು ಎಷ್ಟಿದೆಯೆಂದು ತಿಳಿಯುತ್ತದೆ. ಆ ತಗ್ಗು ನಿಯಾನಿನದು. ಆಮ್ಲಜನಕಕ್ಕೆ ಹೋಲಿಸಿದರೆ ಅಲ್ಲಿ ನಿಯಾನ್ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಇಡೀ ಪ್ರಬಂಧ ಹೇಳುವುದು ಅಷ್ಟನ್ನೇ.

“ಅಂದ್ರ ಯಾರು ನುಂಗಿದ್ರಂತ ತಗ್ಗು ಹೇಳತೈತಿ.”

“ಹೂಂ. ನೀವು ಅದಕ್ಕ ಮಣ್ಣು ಹಾಕೀರಿ.”

ಶೇಕ್ಷಾವಲಿ ಕನ್ನಡಕ ಏರಿಸಿ ಮೂಲ ಹಾಳೆ ನೋಡಿದರು. “ಮೂರೇ ಚುಕ್ಕಿ ಕೆಳಗ ಬಿದ್ದಾವಲ್ರಿ ಮಾಸ್ತರ. ಮೂರು ಚುಕ್ಕಿ ನಂಬಿ ಯಾರು ನಕ್ಷಿ ಬರೀತಾರ? ನಮ್ಮಲ್ಲಿ ಹಿಂಗಾದ್ರ ಮತ್ತ ಹೋಗಿ ಮಟ್ಟ ಹಿಡೀತಿದ್ರು.”

ಇದೇ ಪ್ರಶ್ನೆಯನ್ನು ಅವನ ಮಾರ್ಗದರ್ಶಕರೂ ಕೇಳಿದ್ದರು. “ಉಪಗ್ರಹದಿಂದ ಮತ್ತ ಎರಡು ಸಲ ಹಿಡದಾರ್ರಿ,” ಎಂದ ಶಿವಶರಣಪ್ಪ ರೇಗಿ. “ಬ್ಯಾರೆ ಬ್ಯಾರೆ ತಿಂಗಳದಾಗ. ಎರಡು ಸಲನೂ ಅಲ್ಲೇ ಬಿದ್ದೈತಿ.”

“ಅವು ಎಲ್ಲದಾವ?”

“ಪ್ರಬಂಧದ ಕೊನಿಗಿರೋ ಕೋಷ್ಟಕದಾಗ.”

“ಅಲ್ಲಿ ಮಲಗಿಸಿದ್ರ ಯಾರು ನೋಡ್ತಾರ್ರಿ? ಒಂದ ಗೆರಿ ಕೊಟ್ಟು ನನಗ ಬೈತೀರಿ. ತೆಗೀರಿ ಹೊರಗ.”

ಐದೂವರೆಗೆ ಗುಲಬರ್ಗಾದ ಬಸ್ಸು. ಶಿವಶರಣಪ್ಪ ಗೊಣಗುತ್ತಲೇ ಚೀಲದಿಂದ ಕೋಷ್ಟಕ ತೆಗೆದು ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟ. ಶೇಕ್ಷಾವಲಿ ಹೊಸ ಹಾಳೆಯ ಮೇಲೆ ಉಸಿರು ಹಿಡಿದು ಮಸಿ ಎಳೆದರು. ಒಂದರ ಕೆಳಗೊಂದು ಮೂರು ಗೆರೆಗಳು, ಮೂರೂ ಒಂದೇ ಜಾಗದಲ್ಲಿ ಕುಸಿದಿದ್ದವು. ಈ ಚಿತ್ರ ನೋಡಿದ ಮೇಲೆ ಮೂರು ಚುಕ್ಕಿಯ ಮಾತನ್ನು ಯಾರೂ ಎತ್ತಲಾರರು. ಇಷ್ಟು ವರ್ಷ ತಾನೇ ಏಕೆ ಹೀಗೆ ಬರೆಯಲಿಲ್ಲವೆಂದು ಶಿವಶರಣಪ್ಪನಿಗೆ ಮೈಯೆಲ್ಲ ಉರಿಯಿತು. ಆ ಸಿಟ್ಟನ್ನೂ ಮುದುಕರ ಮೇಲೆಯೇ ಹಾಕಿದ.

“ಲಗು ಒಣಗಸ್ರಿ, ಸಾಬ್ರ.”