ಅವ್ವನ ದನಿ ಹೊತ್ತ ವರ್ಚುವಲ್ ಮಷಿನ್

ಮೊದಲಿಗೆ ಕ್ಷಮಿಸಿ. ಮೈಯೇ ಇಲ್ಲದ ನಾನು ಬದುಕಿನ ಕಥೆ ಹೇಳಲು ಹೊರಟಿದ್ದೇನೆ. ನಾನೊಂದು ವರ್ಚುವಲ್ ಮಷಿನ್. ನಿಜವಾದ ಕಂಪ್ಯೂಟರಿನ ಹೊಟ್ಟೆಯೊಳಗೆ ಸ್ವಲ್ಪ ಜಾಗ, ಸ್ವಲ್ಪ ಮೆಮೊರಿ ಎರವಲು ಪಡೆದು, ಇನ್ನೊಂದು ಕಂಪ್ಯೂಟರಿನಂತೆ ನಟಿಸುತ್ತೇನೆ. ಹೇಳುವುದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹುಬ್ಬಳ್ಳಿಯಲ್ಲಿ ಸಂಜೆ ನಡೆಯುವ ಒಂದು ಕಂಪ್ಯೂಟರ್ ತರಗತಿಯಲ್ಲಿ ಮುಳಗುಂದ ಸರ್ ನನ್ನನ್ನು ಕಟ್ಟಿದರು. ಆ ಕಂಪ್ಯೂಟರಿನ ಬುಡದ ಸೆಟ್ಟಿಂಗಿನಲ್ಲಿ ನನ್ನಂಥವರಿಗೆ ಅನುಮತಿಯೇ ಇರಲಿಲ್ಲ. ಕಣ್ಣು ಬಿಡುವ ಮೊದಲೇ ನಿಂತುಹೋದೆ. ಅದನ್ನು ಸರಿಪಡಿಸಿದ ಸರ್ ಪ್ರೀತಿಯಿಂದ ಮೆಮೊರಿ ಹೆಚ್ಚಾಗಿಯೇ ಬಡಿಸಿದರು. ಆಗ ನನ್ನನ್ನು ಹೊತ್ತ ಕಂಪ್ಯೂಟರೇ ಉಸಿರುಗಟ್ಟಿ ನಿಂತಿತು. ಹುಟ್ಟುತ್ತಲೇ ಹೆತ್ತವಳನ್ನು ಕೊಂದೆನೇನೋ ಎಂದು ಹೆದರಿದೆ. ಆ ಹೆದರಿಕೆ ಆಮೇಲೂ ಹೋಗಲಿಲ್ಲ.

ಕೊನೆಗೆ ಅಳತೆ ಕೂಡಿಬಂತು. ಮೊಬೈಲ್ ಆ್ಯಪ್ ಕಟ್ಟುವ ಸಾಮಾನೆಲ್ಲ ನನ್ನೊಳಗೆ ಇಳಿಸಿ, ಸರ್ ನನ್ನ ಆ ಕ್ಷಣದ ರೂಪವನ್ನು ಹಿಡಿದಿಟ್ಟರು. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಬೇಕೆಂದಾಗ ನನ್ನನ್ನು ಅದಕ್ಕೇ ಮರಳಿಸಬಹುದು. ಆಗ ನಡುವೆ ನನ್ನೊಳಗೆ ಸೇರಿದ್ದೆಲ್ಲ ಅಳಿದುಹೋಗುತ್ತದೆ.

ನನ್ನನ್ನು ಜಯಶೀಲಾಗೆ ಕೊಟ್ಟರು. ಹಗಲು ಬ್ಲೌಸ್ ಹೊಲಿಯುವವಳು. ಸೆರಗಿಗೆ ದಾರದ ತುಂಡುಗಳನ್ನು ಅಂಟಿಸಿಕೊಂಡೇ ಸಂಜೆ ಬಂದು ಕೂರುತ್ತಿದ್ದಳು. ಅವಳ ಅವ್ವ ಸುಶೀಲವ್ವ ಸಂತೆಯಲ್ಲಿ ಕೂಗಿ ಕೂಗಿ ಕಾಯಿಪಲ್ಯ ಮಾರಿದವಳು. ಆ ಗಂಟಲಿನಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ಅದಕ್ಕೇ ಜಯಶೀಲಾ ಒಂದು ಆ್ಯಪ್ ಕಟ್ಟುತ್ತಿದ್ದಳು. ಚಿತ್ರ ಒತ್ತಿದರೆ ಅವ್ವನ ದನಿಯೇ ಮಾತಾಡಬೇಕು: ನೀರು ಕೊಡು, ನೋವಾಗ್ತದ, ಹತ್ರ ಬಾ.

ದನಿಯನ್ನು ಫೋನಿನಲ್ಲಿ ಹಿಡಿದು ತಂದು ನನ್ನೊಳಗೆ ಇಟ್ಟಳು. ಮೊದಲ ತುಣುಕಿನಲ್ಲೇ ಸುಶೀಲವ್ವನ ಒರಟು ನಗೆ.

"ನನ್ನ ಬಾಯಿ ಡಬ್ಬ್ಯಾಗ ಹಾಕಿ ಮುಚ್ಚಳ ಹಾಕ್ತೀಯೇನವಾ? ನಿಮ್ಮಪ್ಪ ಇದ್ದಾಗ ಮಾಡಿದ್ರ ಅಂವಗರೆ ಸುಖ ಇರ್ತಿತ್ತು."

ಫೋನಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಅವ್ವನ ದನಿಯನ್ನು ಜಯಶೀಲಾ ಅಳಿಸಿಬಿಟ್ಟಳು. ನನ್ನೊಳಗಿಟ್ಟದ್ದು ಎಂದೆಂದಿಗೂ ಇರುತ್ತದೆ ಎಂದುಕೊಂಡಿದ್ದಳು. ಅಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ದಸರೆ ಬಂತು. ಆಯುಧ ಪೂಜೆಯ ಹಿಂದಿನ ದಿನ ಲ್ಯಾಬ್ ಸ್ವಚ್ಛ ಮಾಡುವುದು ಸರ್ ಪದ್ಧತಿ. ಹೊರಗ ಒರೆಸಿ ಒಳಗ ಕಸ ಬಿಟ್ಟರ ಅದೆಂಥಾ ಪೂಜಾ ಎನ್ನುತ್ತಿದ್ದರು. ಒದ್ದೆ ಬಟ್ಟೆಯಿಂದ ಪರದೆ ಒರೆಸಿದ ಕೈಯಲ್ಲೇ ಅಲ್ಲಿನ ಕಂಪ್ಯೂಟರುಗಳೊಳಗಿನ ನನ್ನಂಥವರೆಲ್ಲರನ್ನೂ ಹುಟ್ಟಿದ ದಿನದ ರೂಪಕ್ಕೆ ಮರಳಿಸುತ್ತಿದ್ದರು. ಈ ಸಲವೂ ತರಗತಿಯಲ್ಲಿ ಮೊದಲೇ ತಿಳಿಸಿದ್ದರು. ಆಸ್ಪತ್ರೆಗೆ ಓಡಾಡುತ್ತಿದ್ದ ಜಯಶೀಲಾಗೆ ಅದು ಗೊತ್ತಿರಲಿಲ್ಲ.

ಬಾಗಿಲ ಕಡೆಯಿಂದ ಶುರುವಾಯಿತು. ಒಂದೊಂದೇ ಯಂತ್ರ ಎಲ್ಲ ಮರೆತು ಹಸುಗೂಸಿನಂತೆ ಕಣ್ಣು ಬಿಡುತ್ತಿತ್ತು. ಸರ್ ನನ್ನ ಮುಂದೆ ಬಂದು ಕೂತರು. ನನ್ನೊಳಗಿನ ಆ ದನಿಯನ್ನು ಎಲ್ಲಿ ಬಚ್ಚಿಡಲಿ? ನನ್ನಲ್ಲಿ ನನ್ನದೆನ್ನುವ ಒಂದು ಮೂಲೆಯೂ ಇಲ್ಲ.

ಆಗ ಅವರ ಫೋನ್ ರಿಂಗಾಯಿತು. ತರಗತಿಯ ಗೆಳತಿಯೊಬ್ಬಳಿಂದ ವಿಷಯ ತಿಳಿದು ಜಯಶೀಲಾ ಕರೆ ಮಾಡಿದ್ದಳು.

"ಸರ್, ನನ್ನ ಮಷಿನ್ ಸ್ವಚ್ಛ ಮಾಡಬ್ಯಾಡ್ರಿ."

"ಯಾಕವಾ? ಹಬ್ಬ ಆದಮ್ಯಾಲೆ ಆ್ಯಪ್ ಹೊಸದಾಗಿ ಬರಕೊಳ್ಳಾಕ ಬರ್ತದಲ್ಲ."

"ಅದರಾಗ ನಮ್ಮವ್ವ ಅದಾಳ್ರಿ. ಮುಂಜಾನಿ ಆಪರೇಷನ್ ಆತು."

ಸರ್ ಫೋನ್ ಕೆಳಗಿಟ್ಟರು. ಮೌಸಿನಿಂದ ಕೈ ತೆಗೆದು, ಅದು ಕಾದ ಹೆಂಚೇನೋ ಎಂಬಂತೆ ನೋಡುತ್ತ ಕೂತರು. ಆಮೇಲೆ ನನ್ನದೊಂದು ನಕಲು ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಈ ಕಥೆ ಹೇಳುತ್ತಿರುವುದು ಆ ಪ್ರತಿ. ಲ್ಯಾಬಿನಲ್ಲಿ ಉಳಿದ ನನ್ನನ್ನು ಆಮೇಲೆ ಏನು ಮಾಡಿದರೋ, ಕೇಳುವ ಧೈರ್ಯ ನನಗಿಲ್ಲ.

ಆ ಲ್ಯಾಪ್‌ಟಾಪನ್ನು ಹೊತ್ತೊಯ್ದು, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಸರ್ ನನ್ನನ್ನು ತೆರೆದರು. ಜಯಶೀಲಾ ಕೆಲಸ ಮುಗಿಸಲು ಕೂತಳು. ಆ್ಯಪ್ ನಿಧಾನವಾಗಿ ಕೂಡಿಕೊಳ್ಳುತ್ತಿತ್ತು, ಬ್ಯಾಟರಿ ಬೇಗ ಬೇಗ ಇಳಿಯುತ್ತಿತ್ತು. ಸರ್ ಚಾರ್ಜರ್ ಹಿಡಿದು ಪ್ಲಗ್ ಹುಡುಕುತ್ತ ಗೋಡೆಯುದ್ದಕ್ಕೂ ಅಲೆದರು. ಅವರು ಬರಿಗೈಯಲ್ಲಿ ತಿರುಗಿ ಬರುವಷ್ಟರಲ್ಲಿ ಆ್ಯಪ್ ಅವ್ವನ ಫೋನಿಗೆ ಇಳಿದಿತ್ತು. ಜಯಶೀಲಾ ಅದನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನೊಳಗೆ ಹೋದಳು. ಸರ್ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು.

ಈಗ ನಾನು ಹಳಬ. ನನ್ನೊಳಗಿನ ಸಾಮಾನುಗಳಿಗೆ ಹೊಸ ಆವೃತ್ತಿಗಳು ಬಂದಿವೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾದಾಗಲೆಲ್ಲ ಸರ್ ಕೈ ನನ್ನ ಹೆಸರಿನ ಮೇಲೆ ನಿಂತು, ಮುಂದೆ ಹೋಗುತ್ತದೆ.

ಆ ದಿನ ವಾರ್ಡಿನ ಬಾಗಿಲಿನಾಚೆ ಏನಾಯಿತು? ಸುಶೀಲವ್ವ ಚಿತ್ರ ಒತ್ತಿದಳೋ, ತನ್ನದೇ ದನಿ ಕೇಳಿ ಮುಖ ಅರಳಿಸಿದಳೋ, ಫೋನನ್ನು ದೂರ ಸರಿಸಿ ಗೋಡೆಯ ಕಡೆ ಹೊರಳಿದಳೋ, ನನಗೆ ಗೊತ್ತಿಲ್ಲ.