ಅಕ್ಕ ಕಿತ್ತು ಹಾಕಿಸಿದ ದೃಶ್ಯ

“ನಿಮ್ಮಣ್ಣ ಲಿಪ್‌ಸ್ಟಿಕ್ ಹಚ್ಕೊಂಡು ಅಂಗಡಿ ತೆಗೆದಿದ್ದಾನಲ್ಲೋ! ಮಿಕ್ಸಿ ರಿಪೇರಿ ಮಾಡ್ತಾನೋ, ಮಿಕ್ಸಿಗೆ ಮೇಕಪ್ ಮಾಡ್ತಾನೋ?”

ಹಾರ್ಡ್‌ವೇರ್ ಅಂಗಡಿಯವನು ಇದನ್ನು ನನ್ನ ಕಿವಿಯಲ್ಲಿ ಹೇಳಲಿಲ್ಲ. ಬೀದಿಗೆಲ್ಲ ಕೇಳೋ ಹಾಗೆ ಹೇಳಿದ. ಅವನ ಗಿರಾಕಿಗಳು ಏಳೆಂಟು ಜನ ಹಲ್ಲು ಕಿಸಿದರು. ಪಕ್ಕದ ಮಳಿಗೆಯಲ್ಲಿ ಕೂತು ಫ್ಯಾನ್ ಬಿಚ್ಚುತ್ತಿದ್ದ ನನ್ನಕ್ಕ ತಲೆ ಎತ್ತಲಿಲ್ಲ. ನಾನು ಫೋನ್ ತೆಗೆದು ಅವನ ಮುಖಕ್ಕೆ ಹಿಡಿದೆ.

“ಇನ್ನೊಂದ್ಸಲ ಹೇಳು ನೋಡೋಣ.”

ಹೇಳಿದ! ಕ್ಯಾಮೆರಾ ನೋಡಿ ಕೂದಲು ಬೇರೆ ಸರಿ ಮಾಡಿಕೊಂಡ.

ನನ್ನಕ್ಕ ಟ್ರಾನ್ಸ್‌ಜೆಂಡರ್ ಹೆಣ್ಣು. ಹುಟ್ಟಿದಾಗ ಗಂಡು ಅಂತ ಬರೆದರು. ಬರೆದವರು ಅವಳನ್ನು ಕೇಳಿರಲಿಲ್ಲ. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ನನಗೇ ಅರ್ಥವಾಗೋ ಮಾತು ಓದಿದವರಿಗೆ ಯಾಕಾಗಲ್ಲವೋ!

ಅಕ್ಕನ ಅಂಗಡಿ ಇರೋದು ನಮ್ಮ ಅತ್ತೆಯ ಮಳಿಗೆಯಲ್ಲಿ. ಹಾರ್ಡ್‌ವೇರಿನವನು ಆ ಮಧ್ಯಾಹ್ನವೇ ಹೋಗಿ ಅತ್ತೆಯ ಕಿವಿ ಊದಿದ. ಅತ್ತೆ ಬಂದು ಅಕ್ಕನಿಗೆ, “ಭಾನುವಾರ ಬೀದಿಯವರನ್ನೆಲ್ಲ ಸೇರಿಸ್ತೀನಿ. ಅವರು ಬೇಡ ಅಂದ್ರೆ ನೀನು ಖಾಲಿ ಮಾಡಬೇಕು ಕಣಪ್ಪಾ” ಅಂದರು.

“ಭಾನುವಾರ ನಾನೂ ಒಂದು ವಿಡಿಯೋ ತೋರಿಸ್ತೀನಿ. ಅವನ ಮಾನ ಹರಾಜು ಹಾಕ್ತೀನಿ” ಅಂದೆ.

ಎರಡೇ ದಿನದಲ್ಲಿ ಮಾಡಿದೆ. ಮೊದಲು ಹಾರ್ಡ್‌ವೇರಿನವನ ಮುಖ, ಅವನ ಮಾತು. ಆಮೇಲೆ ಅಕ್ಕ. ಸ್ಲೋ ಮೋಷನ್, ಪಿಟೀಲು, ಕಣ್ಣಿಗೆ ಜೂಮ್. ಕೊನೆಗೆ ಮೇಲಿಂದ ಹೂವಿನ ದಳ ಉದುರೋದು. ಮದುವೆ ಮನೆಯವರು ಅದಕ್ಕೆ ಪ್ರಾಣ ಬಿಡುತ್ತಾರೆ.

ಅಕ್ಕ ನೋಡಿದಳು. ಆರೋಗ್ಯ ಕೇಂದ್ರದ ನರ್ಸ್ ಅವಳ ಗೆಳತಿ, ಅವಳೂ ಪಕ್ಕದಲ್ಲಿ ಕೂತು ನೋಡಿದಳು.

“ಏನೋ ಇದು? ನಾನು ಸತ್ತು ಹೋದ್ನಾ?” ಅಂದಳು ಅಕ್ಕ.

“ಹೂ ಬೇರೆ ಉದುರಿಸಿದ್ದಾನೆ ಮಹಾರಾಯ!” ನರ್ಸ್‌ಗೆ ನಗು ತಡೆಯಲಿಲ್ಲ.

“ಎಲ್ಲರೂ ಅಳಲಿ ಅಂತ ಮಾಡಿದೆ.”

“ಅತ್ತು ಮನೆಗೆ ಹೋಗ್ತಾರೆ. ಆಮೇಲೆ? ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನಾನು ಅಂಗಡಿ ಇಟ್ಟಿಲ್ಲ. ಮೂರು ನಿಮಿಷದಲ್ಲಿ ನನ್ನದು ಒಂದು ಮಾತಾದ್ರೂ ಇದೆಯೇನೋ? ಅವನೊಬ್ಬನೇ ಮಾತಾಡ್ತಾನೆ!”

ಕೆನ್ನೆಗೆ ಬಿಗಿದ ಹಾಗಾಯಿತು.

ನರ್ಸ್ ಹೇಳಿದಳು: “ಅವಳು ಏನು ಹೇಳಬೇಕು ಅಂತಾಳೋ ಅದನ್ನ ತೆಗಿ. ಹಳೇ ಹೆಸರು, ಹಳೇ ಫೋಟೋ, ಆಪರೇಷನ್ ಆಯ್ತಾ ಇಲ್ವಾ, ಇವೆಲ್ಲ ಕೆದಕಬೇಡ. ನಿನ್ನನ್ನ ಯಾರಾದ್ರೂ ಕೇಳ್ತಾರಾ ಹಾಗೆ? ತೋರಿಸೋ ಮೊದಲು ಅವಳು ಒಪ್ಪಬೇಕು. ಅವಳು ಬೇಡ ಅಂದದ್ದು ಬೇಡ, ಅಷ್ಟೇ.”

“ಮೊದಲು ಅವನನ್ನ ಕಿತ್ತು ಹಾಕು” ಅಂದಳು ಅಕ್ಕ.

“ಅದೇ ಕಣೇ ಮುಖ್ಯ ದೃಶ್ಯ!” ಅಂತ ಕೂಗಾಡಿದೆ.

“ನನ್ನ ಕಥೆಯಲ್ಲಿ ಅವನಿಗ್ಯಾಕೋ ಜಾಗ?”

ಹಲ್ಲು ಕಚ್ಚಿಕೊಂಡು ಕಿತ್ತು ಹಾಕಿದೆ.

ಭಾನುವಾರ ನಾನು ಕೆಲಸ ಮಾಡೋ ಸ್ಟುಡಿಯೋದ ಟಿವಿ ಹೊತ್ತು ತಂದು ಮಳಿಗೆಯಲ್ಲಿಟ್ಟೆ. ಬೀದಿಯವರು ಮೂವತ್ತು ಜನ ಬಂದರು. ಹಾರ್ಡ್‌ವೇರಿನವನು ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲೇ ಕೂತ.

ಈ ಸಲ ಸಂಗೀತ ಇಲ್ಲ. ಅಕ್ಕ ಮಿಕ್ಸಿ ಬಿಚ್ಚುತ್ತಾ ಮಾತಾಡುತ್ತಾಳೆ. ಸ್ಕ್ರೂ ತಟ್ಟೆಗೆ ಬೀಳೋ ಸದ್ದು, ಅವಳ ಮಾತು, ಎರಡೇ.

“ಮೊದಲು ಬೇರೆ ಊರಲ್ಲಿ ಕೆಲಸಕ್ಕಿದ್ದೆ. ಗಂಡಿನ ವೇಷದಲ್ಲಿ. ಎರಡು ವರ್ಷ ಯಾರ ಹತ್ರಾನೂ ಮಾತಾಡಲಿಲ್ಲ. ಬಾಯಿ ಬಿಟ್ರೆ ನಾನು ಯಾರು ಅಂತ ಗೊತ್ತಾಗಿಬಿಡುತ್ತೆ ಅಂತ ಭಯ. ‘ವೈರ್ ಸುಟ್ಟಿದೆ, ಸಂಜೆ ಬನ್ನಿ’ ಅಂತ ಚೀಟಿ ಬರೆದು ಕೊಡ್ತಿದ್ದೆ. ಮೂಗ ಮೆಕ್ಯಾನಿಕ್ ಅಂತಿದ್ರು. ಇಲ್ಲಿ ಅಂಗಡಿ ತೆಗೆದ ಮೊದಲ ದಿನ ಒಬ್ಬ ಅಜ್ಜಿ ಮಿಕ್ಸಿ ತಂದು, ‘ಇದು ಯಾಕೆ ಹೀಗೆ ಕಿರುಚುತ್ತೆ ನೋಡಮ್ಮಾ’ ಅಂದ್ರು. ಅವತ್ತು ಬಾಯಿ ತೆಗೆದವಳು ಇವತ್ತಿನವರೆಗೂ ಮುಚ್ಚಿಲ್ಲ. ಬೇಕಾದ್ರೆ ನನ್ನ ತಮ್ಮನ್ನ ಕೇಳಿ, ಅವನ ಕಿವಿ ತೂತಾಗಿದೆ.”

ಜನ ನಕ್ಕರು. ಇದು ಬೇರೆ ನಗು.

“ಈ ಮಳಿಗೆ ಹೋದ್ರೆ ಇನ್ನೊಂದು ಸಿಗಬಹುದು. ಆದ್ರೆ ಮತ್ತೆ ಚೀಟಿ ಬರೆಯೋಕೆ ನನ್ನಿಂದ ಆಗಲ್ಲ.”

ಅಷ್ಟೇ. ವಿಡಿಯೋ ಮುಗಿಯಿತು.

ಅತ್ತೆ ಕಪ್ಪಾದ ಟಿವಿಯನ್ನೇ ನೋಡುತ್ತಿದ್ದರು. “ಚಿಕ್ಕಂದಿನಲ್ಲಿ ನಮ್ಮನೆಗೆ ಬಂದಾಗಲೂ ಬಾಯಿ ಬಿಡ್ತಿರಲಿಲ್ಲ. ಸೊಕ್ಕು ಅಂದ್ಕೊಂಡು ಎಷ್ಟು ಬೈದಿದ್ದೀನಿ... ಇದೇನು ಕಾಯಿಲೆಯಾ ನರ್ಸಮ್ಮ?”

“ಕಾಯಿಲೆ ಅಲ್ಲಮ್ಮ. ಅಂಟೋದಲ್ಲ, ಯಾರೋ ಹೇಳಿಕೊಟ್ಟದ್ದೂ ಅಲ್ಲ. ನೀವು ಹೆಣ್ಣು ಅಂತ ನಿಮಗೆ ಹೇಗೆ ಗೊತ್ತೋ, ಅವಳಿಗೂ ಹಾಗೇ ಗೊತ್ತು.”

“ಕೆಲಸವಂತೂ ಚೆನ್ನಾಗಿ ಮಾಡ್ತಾಳೆ, ಇರಲಿ ಬಿಡಿ” ಅಂದ ಎದುರು ಅಂಗಡಿಯ ಟೈಲರ್.

“ಚೆನ್ನಾಗಿ ಮಾಡದಿದ್ರೂ ಇರಬಹುದು ಅಣ್ಣ. ಹೊಲಿಗೆ ನೋಡಿ ಮಳಿಗೆ ಕೊಡೋದಾಗಿದ್ರೆ ನೀವೆಲ್ಲಿರ್ತಿದ್ರಿ?” ಅಂದಳು ನರ್ಸ್. ಟೈಲರೇ ಎಲ್ಲರಿಗಿಂತ ಜೋರಾಗಿ ನಕ್ಕ.

ಅತ್ತೆ ಎದ್ದರು. “ನನ್ನ ಮಳಿಗೆ ವಿಷಯಕ್ಕೆ ಬೀದಿಯವರನ್ನ ಕೇಳಿದ್ದೇ ತಪ್ಪು. ನೀನು ಇಲ್ಲೇ ಇರು ಕಣಮ್ಮಾ. ನಾಳೆ ಬಂದು ನನ್ನ ಫ್ಯಾನ್ ನೋಡು, ಟಕಟಕ ಅಂತ ತಲೆ ತಿನ್ನುತ್ತೆ.”

ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ಒಬ್ಬ ಅಕ್ಕ, ಇಲ್ಲಾ ಒಬ್ಬ ಅಣ್ಣ ಇರಬಹುದು. ನಿಮ್ಮ ಕೈಯಲ್ಲಿ ಫೋನಿದೆ. ಅವರು ಒಪ್ಪಿದರೆ ಹಿಡಿಯಿರಿ, ಅವರ ಮಾತನ್ನು ಅವರೇ ಆಡಲಿ. ಒಪ್ಪದಿದ್ದರೆ ಫೋನ್ ಜೇಬಿಗೆ ಹಾಕಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಮಾಡಿದ ವಿಡಿಯೋವನ್ನು ಕಂಡವರ ಫೋನಿಗೆಲ್ಲ ಎಸೆದು ಕೈ ತೊಳೆದುಕೊಳ್ಳಬೇಡಿ. ನಾಲ್ಕು ಜನರನ್ನು ಕೂರಿಸಿಕೊಂಡು ನೋಡಿ, ಆಮೇಲೆ ಮಾತಾಡಿ. ಸಿಟ್ಟು ಬಂದರೆ ಬರಲಿ, ನನಗಂತೂ ಇನ್ನೂ ಇಳಿದಿಲ್ಲ. ಆದರೆ ನಿಮ್ಮ ಸಿಟ್ಟನ್ನು ಅವರ ಬಾಯಿಗೆ ತುರುಕಬೇಡಿ.

ಅವತ್ತು ಟಿವಿ ಹೊತ್ತು ಹೊರಟಾಗ ಹಾರ್ಡ್‌ವೇರಿನವನು ಬಾಗಿಲಿಗೆ ಅಡ್ಡ ನಿಂತ. ಎಲ್ಲರೂ ತಿರುಗಿ ನೋಡಿದರು.

“ಏಯ್, ನನ್ನನ್ನೂ ತೆಗೆದಿದ್ದೆಯಲ್ಲೋ! ನಾನೆಲ್ಲಿ ಅದರಲ್ಲಿ? ನನ್ನನ್ನ ಯಾಕೆ ಹಾಕಲಿಲ್ಲ?”

ನಾಲಗೆ ತುದಿಗೆ ನೂರು ಮಾತು ಬಂದವು. ಟಿವಿ ಭಾರವಾಗಿತ್ತು. ಹೆಗಲು ಬದಲಿಸಿಕೊಂಡು, ಅವನ ಪಕ್ಕದಿಂದ ದಾಟಿ, ನನ್ನ ಪಾಡಿಗೆ ನಾನು ನಡೆದೆ.